ಈ ಪ್ರದೇಶದಲ್ಲಿ ಈ ಜೀವಿ ಇಲ್ಲ

ಜನವರಿ 4

ಪುಟ್ಟಿಗೆ,

ನಾನು ಚೆನ್ನಾಗಿಲ್ಲ. ಮೈಗೆ ಏನೂ ಆಗಿಲ್ಲ, ಗಾಬರಿಯಾಗಬೇಡ. ಕೋಪ ಬಂದಿದೆ, ಅಷ್ಟೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಆ ಕಡೆ ಏನೋ ಮಾಡುತ್ತ "ಹ್ಞೂಂ ಚಿಕ್ಕಮ್ಮ, ಹ್ಞೂಂ" ಅನ್ನುತ್ತೀಯ. ಕಾಗದವಾದರೆ ಕೊನೆಯವರೆಗೆ ಓದಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಬಂದಾಗ ನನ್ನ ಫೋನಿಗೆ ನಿಮ್ಮ ಕಂಪನಿಯ ಆ್ಯಪ್ ಹಾಕಿಕೊಟ್ಟು ಹೋದೆಯಲ್ಲ, "ಯಾವ ಪ್ರಾಣಿ, ಯಾವ ಹಕ್ಕಿ, ಫೋಟೋ ತೆಗೆದರೆ ಸಾಕು, ಹೆಸರು ಹೇಳತ್ತೆ" ಅಂತ. ಸುಳ್ಳು ಹೇಳಬಾರದು, ಮೊದಲ ಎರಡು ವಾರ ನನಗೆ ಹಬ್ಬವೋ ಹಬ್ಬ. ಡ್ಯೂಟಿ ಮುಗಿದ ಮೇಲೂ ಕೆರೆ ದಂಡೆಯಲ್ಲೇ ಸುತ್ತುತ್ತಿದ್ದೆ. ಮಿಂಚುಳ್ಳಿಯನ್ನು ಮಿಂಚುಳ್ಳಿ ಅಂದಿತು, ನೀರುಕಾಗೆಯನ್ನು ನೀರುಕಾಗೆ ಅಂದಿತು. ಜೊಂಡಿನ ಹತ್ತಿರ ಮುಳುಗಿ ಮುಳುಗಿ ಏಳುತ್ತದಲ್ಲ ಒಂದು ಗುಂಡುಗುಂಡನೆಯ ಹಕ್ಕಿ, ನಾನು ಇಷ್ಟು ವರ್ಷ "ಗುಂಡಮ್ಮ" ಅಂತಲೇ ಕರೆಯುತ್ತಿದ್ದೆ, ಅದರ ಹೆಸರು ಗುಳುಮುಳುಕ ಅಂತ ಗೊತ್ತಾಯಿತು. ಎಂಥ ಒಪ್ಪುವ ಹೆಸರು! ಅವತ್ತು ಪಂಪುಮನೆಯಲ್ಲಿ ಒಬ್ಬಳೇ ಅದನ್ನು ಜೋರಾಗಿ ಹೇಳಿಕೊಂಡು ನಕ್ಕೆ.

ಆಮೇಲೆ ನೀರುನಾಯಿಯ ಫೋಟೋ ತೆಗೆದೆ. ಬೆಳಿಗ್ಗೆ ಆರೂವರೆ, ಹಳೆಯ ಕಲ್ಲುಮೆಟ್ಟಿಲ ಹತ್ತಿರ. ತಾಯಿ ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು. ನಿಮ್ಮ ಆ್ಯಪ್ ಏನು ಅಂದಿತು ಗೊತ್ತೇ? ಹೆಗ್ಗಣ! ಸುಮ್ಮನೆ ಹೆಗ್ಗಣವಲ್ಲ, "ಹೆಗ್ಗಣ, ಖಚಿತತೆ ಶೇಕಡಾ ಎಂಬತ್ತೊಂದು." ಇಪ್ಪತ್ತಾರು ವರ್ಷದಿಂದ ಈ ಕೆರೆಯ ನೀರನ್ನು ಊರಿಗೆ ಎತ್ತಿ ಕಳಿಸುತ್ತಿದ್ದೇನೆ. ಆ ಮೆಟ್ಟಿಲ ಕೆಳಗಿನ ಬಿಲದಲ್ಲಿ ಎಷ್ಟು ತಾಯಂದಿರು ಮರಿ ಹಾಕಿದ್ದನ್ನು ನೋಡಿದ್ದೇನೆ. ನನಗೆ ಹೆಗ್ಗಣ ಯಾವುದು ನೀರುನಾಯಿ ಯಾವುದು ಅಂತ ಗೊತ್ತಾಗುವುದಿಲ್ಲವೇ?

ನಮ್ಮ ಸೂಪರ್‌ವೈಸರ್‌ಗೆ ತೋರಿಸಿದೆ. ಹಲ್ಲು ಕಿರಿದು "ಮೆಷಿನ್‌ಗಿಂತ ನಿಮಗೆ ಜಾಸ್ತಿ ಗೊತ್ತಾ ಅಮ್ಮಾ?" ಅಂದ. ಮೈ ಉರಿದುಹೋಯಿತು.

ಇನ್ನೊಂದು ವಿಷಯ. ದಂಡೆಗೆಲ್ಲ ಕಾಂಕ್ರೀಟ್ ಗೋಡೆ ಕಟ್ಟುತ್ತಾರಂತೆ, ಮೆಟ್ಟಿಲೂ ಸೇರಿ. ಅದಕ್ಕೆ ಮೊದಲು ಯಾರೋ ಬಂದು ಇಲ್ಲಿ ಯಾವ ಪ್ರಾಣಿಗಳಿವೆ ಅಂತ ಸರ್ವೆ ಮಾಡುತ್ತಾರಂತೆ. ಆ ಮನುಷ್ಯ ಬರುವ ಮೊದಲು ನಿಮ್ಮ ಮೆಷಿನ್ನಿಗೆ ಸ್ವಲ್ಪ ಬುದ್ಧಿ ಹೇಳು.

ನಿನ್ನ
ಚಿಕ್ಕಮ್ಮ

ಜನವರಿ 15

ಪ್ರೀತಿಯ ಚಿಕ್ಕಮ್ಮ,

ನಿನ್ನ ಕೋಪದ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಪಕ್ಕದಲ್ಲಿ ಕೂರುವವಳಿಗೂ ಗುಂಡಮ್ಮನ ಭಾಗವನ್ನು ಓದಿ ಹೇಳಿದೆ. ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಬೈಯಬೇಡ.

ಮೆಷಿನ್ ಮೊದಲು ಊಹೆ ಮಾಡುತ್ತದೆ, ಅಷ್ಟೆ. ಒದ್ದೆಯಾದ ತಲೆ ಮಾತ್ರ ಕಂಡರೆ ಅದಕ್ಕೆ ಹೆಗ್ಗಣದ ಹಾಗೆ ಕಾಣುತ್ತದೆ. ನೀನು ಊಹೆಯನ್ನು ನೋಡಿ ಸುಮ್ಮನಾಗಬಾರದು. "ದಾಖಲೆ ಕಳಿಸಿ" ಅಂತ ಕೆಳಗಡೆ ಇದೆಯಲ್ಲ, ಅದನ್ನು ಒತ್ತಿ, ನೀನೇ ಸರಿಯಾದ ಹೆಸರು ಬರೆದು ಕಳಿಸಬೇಕು. ಅದನ್ನು ಮೆಷಿನ್ ಅಲ್ಲ, ಮನುಷ್ಯರು ನೋಡುತ್ತಾರೆ. ನನ್ನ ಕೆಲಸ ಅದೇ ತಾನೆ? ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆಯಲ್ಲಿ ನಾವು ಹನ್ನೊಂದು ಜನ ಪರಿಶೀಲಕರು ಕೂತಿರುತ್ತೇವೆ. ಎಲ್ಲ ಕಡೆಯಿಂದ ಫೋಟೋ ಬರುತ್ತವೆ. ಒಬ್ಬೊಬ್ಬರೂ ದಿನಕ್ಕೆ ಸಾವಿರಕ್ಕೂ ಹೆಚ್ಚು ನೋಡುತ್ತೇವೆ. ಸಂಜೆಗೆ ಕಣ್ಣು ಮುಚ್ಚಿದರೂ ರೆಕ್ಕೆ, ಬಾಲ, ಎಲೆ.

ಫೋಟೋ ತೆಗೆಯುವಾಗ ಮೈ ಪೂರ್ತಿ ಕಾಣಲಿ, ಬಾಲ ಮುಖ್ಯ. ಹೆಜ್ಜೆ ಗುರುತಿದ್ದರೆ ಪಕ್ಕದಲ್ಲಿ ಏನಾದರೂ ಅಳತೆಗೆ ಇಡು. ನಿನ್ನ ಹೆಸರು ಹಾಕಬೇಕಾಗಿಲ್ಲ, ಏನಾದರೊಂದು ಅಡ್ಡಹೆಸರು ಸಾಕು.

ಸರ್ವೆಯವರ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಅವರೂ ನಮ್ಮ ಆ್ಯಪ್‌ನ ದಾಖಲೆಗಳನ್ನೇ ನೋಡುವುದು. ದಾಖಲೆ ಒಂದು ಸಲ ಒಪ್ಪಿತವಾದರೆ ಯಾರೂ ಅಲ್ಲಗಳೆಯುವ ಹಾಗಿಲ್ಲ.

ನಿನ್ನ
ಪುಟ್ಟಿ

ಫೆಬ್ರವರಿ 9

ಪುಟ್ಟಿಗೆ,

ನೀನು ಹೇಳಿದ ಹಾಗೆಯೇ ಮಾಡಿದೆ. ಎರಡು ವಾರ ಚಳಿಯಲ್ಲಿ, ಬೆಳಿಗ್ಗೆ ಡ್ಯೂಟಿಗೆ ಒಂದು ಗಂಟೆ ಮೊದಲು ಹೋಗಿ ದಂಡೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತೆ. ಮೊಣಕಾಲು ಈಗ ನನ್ನ ಮಾತು ಕೇಳುತ್ತಿಲ್ಲ. ಆದರೆ ಫೋಟೋ ಸಿಕ್ಕಿತು. ತಾಯಿ ಮತ್ತು ಎರಡು ಮರಿ, ಮೆಟ್ಟಿಲ ಮೇಲೆ, ಪೂರ್ತಿ ಮೈ, ಪೂರ್ತಿ ಬಾಲ. ಒಂದು ಮರಿಯ ಬಾಯಲ್ಲಿ ಮೀನು. ಕೆಸರಿನಲ್ಲಿ ಹೆಜ್ಜೆ, ಪಕ್ಕದಲ್ಲಿ ನನ್ನ ಹನ್ನೆರಡನೆಯ ನಂಬರಿನ ಸ್ಪ್ಯಾನರ್. ಮೀನಿನ ಪೊರೆ ತುಂಬಿದ ಹಿಕ್ಕೆಯ ಫೋಟೋ ಕೂಡ ತೆಗೆದೆ. ಈ ವಯಸ್ಸಿಗೆ ಹಿಕ್ಕೆಯ ಮುಂದೆ ಮಂಡಿಯೂರಿದ್ದನ್ನು ಯಾರೂ ನೋಡಲಿಲ್ಲ, ಪುಣ್ಯ. ಒಟ್ಟು ಹನ್ನೊಂದು ದಾಖಲೆ. "ಪಂಪುಮನೆ" ಅಂತ ಅಡ್ಡಹೆಸರು ಇಟ್ಟುಕೊಂಡು ಕಳಿಸಿದೆ.

ಹನ್ನೊಂದೂ ವಾಪಸು ಬಂದವು. "ತಿರಸ್ಕೃತ. ಈ ಪ್ರದೇಶದಲ್ಲಿ ಈ ಜೀವಿ ಇಲ್ಲ."

ಪುಟ್ಟೀ, ನಾನು ಆ ಸಾಲನ್ನು ಓದುತ್ತಿದ್ದಾಗ ಆ ಜೀವಿ ನನ್ನಿಂದ ಇಪ್ಪತ್ತು ಅಡಿ ದೂರದಲ್ಲಿ ಬೆನ್ನು ಕೆರೆದುಕೊಳ್ಳುತ್ತಿತ್ತು.

ಇದಾದ ನಾಲ್ಕನೆಯ ದಿನಕ್ಕೆ ಸರ್ವೆಯವನು ಬಂದ. ಬೆಳಿಗ್ಗೆ ಹನ್ನೊಂದೂವರೆಗೆ, ಹೊಳೆಯುವ ಬೂಟು ಹಾಕಿಕೊಂಡು. ದಂಡೆಯ ಮೇಲಿನ ದಾರಿಯಲ್ಲಿ ಒಂದು ಸುತ್ತು ಬಂದು, ಫೋನನ್ನು ಅಲ್ಲಿ ಇಲ್ಲಿ ಹಿಡಿದು, ನಲವತ್ತು ನಿಮಿಷಕ್ಕೆ ಸೂಪರ್‌ವೈಸರ್ ಕೋಣೆಯ ಫ್ಯಾನಿನ ಕೆಳಗೆ ಟೀ ಕುಡಿಯುತ್ತ ಕೂತ. ನಾನೇ ಒಳಗೆ ಹೋಗಿ ಕೇಳಿದೆ.

"ನೀರುನಾಯಿ ಬರ್ಕೊಂಡ್ರಾ?"

"ಇಲ್ಲಿ ನೀರುನಾಯಿ ಇಲ್ಲ ಮೇಡಂ."

"ಮೆಟ್ಟಿಲ ಹತ್ರ ಹೋಗಿ ನೋಡಿದ್ರಾ?"

"ನೋಡೋದೇನಿದೆ? ಐದು ಕಿಲೋಮೀಟರ್ ಸುತ್ತಮುತ್ತ ಒಂದೂ ಒಪ್ಪಿತ ದಾಖಲೆ ಇಲ್ಲ. ಆ್ಯಪ್‌ನಲ್ಲಿ ಇಲ್ಲ."

"ನೀರಲ್ಲಿದೆ, ಬನ್ನಿ ತೋರಿಸ್ತೀನಿ."

ಅವನು ಗಡಿಯಾರ ನೋಡಿಕೊಂಡ. ಸೂಪರ್‌ವೈಸರ್ ನನಗೆ ಕಣ್ಣಲ್ಲೇ ಹೊರಗೆ ಹೋಗು ಅಂದ. ಅವನ ಪಟ್ಟಿಯಲ್ಲಿ ಕಾಗೆ, ಪಾರಿವಾಳ, ಬೀದಿನಾಯಿ, ಹೆಗ್ಗಣ. ಕೊನೆಯಲ್ಲಿ "ಗಮನಾರ್ಹ ವನ್ಯಜೀವಿಗಳು ಕಂಡುಬಂದಿಲ್ಲ." ಕಂಡುಬರಲು ಅವುಗಳು ಅವನ ಟೀ ಕಪ್ಪಿಗೆ ಬಂದು ಇಣುಕಬೇಕಿತ್ತೇನೋ.

ಮುಂದಿನ ತಿಂಗಳು ಗೋಡೆ ಕೆಲಸ ಶುರು. ಅದಕ್ಕೇ ಒಂದು ಕೆಲಸ ಹೇಳುತ್ತೇನೆ, ಮಾಡಿಕೊಡು. ನನ್ನ ಹನ್ನೊಂದು ದಾಖಲೆಗಳ ಕೆಳಗೂ ಸಣ್ಣ ಅಕ್ಷರದಲ್ಲಿ "ಪರಿಶೀಲಕರು: 7" ಅಂತಿದೆ. ಆ ಏಳನೆಯ ನಂಬರಿನ ಮಹಾನುಭಾವ ಯಾರು ಅಂತ ಕಂಡುಹಿಡಿ. ಅವನ ಎದುರಿಗೆ ನಿಂತು ನನ್ನ ಹೆಸರು ಹೇಳಿ ಕೇಳು, "ನಿನಗೆ ಸಂಬಳ ಕೊಡುವುದು ನೋಡುವುದಕ್ಕೋ, ನೋಡದೇ ಇರುವುದಕ್ಕೋ?" ಒಂದು ಮಾತನ್ನೂ ಸಿಹಿ ಮಾಡಬೇಡ.

ನಿನ್ನ
ಚಿಕ್ಕಮ್ಮ

ಮಾರ್ಚ್ 1

ಪುಟ್ಟಿಗೆ,

ಮೂರು ವಾರವಾಯಿತು. ಕಾಗದ ತಲುಪಲಿಲ್ಲವೇ? ಫೋನ್ ಮಾಡಿದರೆ "ಆಮೇಲೆ ಮಾಡ್ತೀನಿ ಚಿಕ್ಕಮ್ಮ" ಅಂತ ಇಟ್ಟುಬಿಡುತ್ತೀಯ. ನಿನ್ನ ದನಿ ಚೆನ್ನಾಗಿಲ್ಲ. ಜ್ವರವೇ?

ದಂಡೆಯ ಮೇಲೆ ಸುಣ್ಣದ ಗೆರೆ ಎಳೆದಿದ್ದಾರೆ. ಗೆರೆ ನೇರವಾಗಿ ಮೆಟ್ಟಿಲ ಮೇಲೆ ಹಾದುಹೋಗಿದೆ. ನಿನ್ನೆ ಎಂಜಿನಿಯರ್ ಬಂದಿದ್ದರು. ಅವರ ಎದುರಿಗೆ ಫೋನ್ ಹಿಡಿದು ಫೋಟೋಗಳನ್ನು ತೋರಿಸಿದೆ. ಒಳ್ಳೆಯ ಮನುಷ್ಯ, ನಿಂತು ನೋಡಿದರು. ಆಮೇಲೆ "ಇವೆಲ್ಲ ತಿರಸ್ಕೃತ ಅಂತ ಬಂದಿದೆಯಲ್ಲಮ್ಮ?" ಅಂದರು. ಮರಿಯ ಬಾಯಲ್ಲಿದ್ದ ಮೀನು ಕೂಡ ಅವರಿಗೆ ಕಂಡಿತು. ಆದರೂ ಕಣ್ಣಿಗಿಂತ ಆ ಒಂದು ಪದ ಹೆಚ್ಚಾಯಿತು.

ಏಳನೆಯ ನಂಬರಿನವನು ಸಿಕ್ಕಿದನೇ?

ಚಿಕ್ಕಮ್ಮ

ಮಾರ್ಚ್ 8

ಚಿಕ್ಕಮ್ಮ,

ಜ್ವರವಿಲ್ಲ. ಕಾಗದ ತಲುಪಿತ್ತು. ಅದನ್ನು ಓದಿದ ದಿನದಿಂದ ನಾಲ್ಕು ಸಲ ಬರೆಯಲು ಕೂತು ಹರಿದು ಹಾಕಿದ್ದೇನೆ.

ಏಳನೆಯ ನಂಬರ್ ನಾನು.

ಹೇಗಾಯಿತು ಅಂತ ಹೇಳಬೇಕು. ಹೇಳಿದರೆ ತಪ್ಪು ಕಡಿಮೆಯಾಗುತ್ತದೆಂದಲ್ಲ. ನಮ್ಮ ಪರದೆಯ ಬಲಗಡೆ ಒಂದು ನಕ್ಷೆ ಇರುತ್ತದೆ. ಯಾವ ಪ್ರಾಣಿ ಎಲ್ಲೆಲ್ಲಿ ಇದೆ ಅಂತ ಅದರಲ್ಲಿ ಬಣ್ಣ ಹಚ್ಚಿರುತ್ತಾರೆ. ಬಣ್ಣವಿಲ್ಲದ ಜಾಗದಿಂದ, ಹೊಸ ಖಾತೆಯಿಂದ ಏನಾದರೂ ಬಂದರೆ ಅಂಚಿನಲ್ಲಿ ಕೆಂಪು ಗುರುತು ಬರುತ್ತದೆ. ಕೆಂಪು ಬಂದರೆ ತಿರಸ್ಕರಿಸಬೇಕು. ಅದು ನಿಯಮ. ನಮ್ಮ ಕೆರೆಗೆ ಬಣ್ಣ ಯಾಕಿಲ್ಲ ಅಂದರೆ ಅಲ್ಲಿಂದ ಇದುವರೆಗೆ ಯಾರೂ ದಾಖಲೆ ಕಳಿಸಿರಲಿಲ್ಲ. ದಾಖಲೆಯಿಲ್ಲದ್ದಕ್ಕೆ ನಕ್ಷೆಯಲ್ಲಿಲ್ಲ, ನಕ್ಷೆಯಲ್ಲಿ ಇಲ್ಲದ್ದಕ್ಕೆ ದಾಖಲೆ ಆಗುವುದಿಲ್ಲ. ಇದನ್ನು ಎರಡು ವರ್ಷದಿಂದ ಮಾಡುತ್ತಿದ್ದೇನೆ, ಒಂದು ದಿನವೂ ನನಗೆ ವಿಚಿತ್ರ ಅನ್ನಿಸಿರಲಿಲ್ಲ.

ನಿನ್ನ ಹನ್ನೊಂದನ್ನೂ ನಾನು ನಾಲ್ಕು ನಿಮಿಷದಲ್ಲಿ ಮುಗಿಸಿದ್ದೇನೆ. ಸಮಯ ದಾಖಲಾಗಿದೆ. ಫೋಟೋ ನೋಡಲಿಲ್ಲ ಚಿಕ್ಕಮ್ಮ, ಕೆಂಪು ಗುರುತು ನೋಡಿದೆ. ಅವತ್ತು ಗುರಿ ಮುಟ್ಟಲು ಇನ್ನೂ ಇನ್ನೂರು ಬಾಕಿಯಿತ್ತು. "ಪಂಪುಮನೆ" ಅನ್ನುವ ಹೆಸರಿನ ಮೇಲೆ ನನ್ನ ಕಣ್ಣು ಹರಿದಿದ್ದರೂ ಹರಿದಿರಬಹುದು.

ಈಗ ತೆರೆದು ನೋಡಿದೆ. ಮೂರನೆಯ ಫೋಟೋದಲ್ಲಿ ತಾಯಿಯ ಹಿಂದೆ ಮೆಟ್ಟಿಲ ಕಬ್ಬಿಣದ ಹಿಡಿ ಕಾಣುತ್ತದೆ, ಕೆಳತುದಿಯಲ್ಲಿ ಬಾಗಿರುವುದು. ಅಮ್ಮ ತೀರಿಕೊಂಡ ಮೇಲೆ ನೀನು ನನ್ನನ್ನು ಅಲ್ಲಿಗೆ ಕರೆದುಕೊಂಡು ಬಂದಾಗ ನನಗೆ ಎಂಟು ವರ್ಷ. ಆ ಹಿಡಿಗೆ ಜೋತುಬಿದ್ದು ಬಾಗಿಸಿದವಳು ನಾನೇ. ಅಲ್ಲೇ ಕೂತು ನೀರುನಾಯಿಗಳ ಶಿಳ್ಳೆಯನ್ನು ನಕಲು ಮಾಡುತ್ತಿದ್ದೆ. ನನಗಿಂತ ಚೆನ್ನಾಗಿ ಗೊತ್ತಿದ್ದವರು ಈ ಕೋಣೆಯಲ್ಲಿ ಯಾರೂ ಇರಲಿಲ್ಲ.

ಮುಖ್ಯಸ್ಥರ ಹತ್ತಿರ ಹೋದೆ.

"ಈ ಹನ್ನೊಂದನ್ನ ಮತ್ತೆ ತೆರೀಬೇಕು ಸರ್. ನಾನು ತಪ್ಪು ಮಾಡಿದೀನಿ."

"ನಿಯಮದ ಪ್ರಕಾರ ಮಾಡಿದೀಯ. ಅದರಲ್ಲಿ ತಪ್ಪೇನು?"

"ಅಲ್ಲಿ ನೀರುನಾಯಿ ಇದೆ. ನಾನೇ ನೋಡಿದೀನಿ, ಚಿಕ್ಕವಳಿದ್ದಾಗ."

"ಚಿಕ್ಕವರಿದ್ದಾಗ ಎಲ್ಲರೂ ಏನೇನೋ ನೋಡಿರ್ತಾರೆ," ಅಂದರು. ಆಮೇಲೆ ಬಾಗಿಲು ಮುಚ್ಚಿ, ದನಿ ತಗ್ಗಿಸಿ, "ನೋಡು, ಆ ಸರ್ವೆ ಕಂಪನಿ ನಮ್ಮ ಗಿರಾಕಿ. ಅವರಿಗೆ ಪಟ್ಟಿ ಕೊಟ್ಟಾಗಿದೆ, ವರದಿ ಹೋಗಿದೆ. ಈಗ ಬದಲಾಯಿಸಿದ್ರೆ ಮೊದಲು ಕೊಟ್ಟಿದ್ದು ಸುಳ್ಳು ಅಂತ ನಾವೇ ಒಪ್ಪಿಕೊಂಡ ಹಾಗಾಗತ್ತೆ," ಅಂದರು.

"ಸುಳ್ಳೇ ತಾನೆ ಸರ್?"

ಅವರು ಎದ್ದು ಬಾಗಿಲು ತೆರೆದರು.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಪುಟ್ಟಿ

ಮಾರ್ಚ್ 12

ಪುಟ್ಟಿ,

ಇಷ್ಟು ದಿನ ಮೆಷಿನ್ನಿಗೆ ಬೈಯುತ್ತಿದ್ದೆ, ಅದಕ್ಕೆ ಕಣ್ಣಿಲ್ಲ ಅಂತ. ನಿನಗಿತ್ತು.

ನೀನು ಚಿಕ್ಕವಳಿದ್ದಾಗ ಪಂಪಿನ ಸದ್ದಿಗೆ ಹೆದರಿ ಅಳುತ್ತಿದ್ದೆ. ನಿನ್ನನ್ನು ಸುಮ್ಮನಾಗಿಸಲು ದಂಡೆಗೆ ಕರೆದುಕೊಂಡು ಹೋಗುತ್ತಿದ್ದೆ. ಬೇರೆ ಆಟದ ಸಾಮಾನು ಕೊಡಲು ನನ್ನಿಂದ ಆಗುತ್ತಿರಲಿಲ್ಲ, ಅವುಗಳನ್ನೇ ತೋರಿಸಿದೆ. ಗುರಿ ಮುಟ್ಟಲು ಇನ್ನೂರು ಬಾಕಿಯಿತ್ತಂತೆ. ಆ ಗುರಿಯನ್ನು ನನ್ನ ಹತ್ತಿರ ಹೇಳಬೇಡ.

ನನ್ನ ಹತ್ತಿರ ಕ್ಷಮೆಯನ್ನೂ ಕೇಳಬೇಡ. ಬಿಲದಲ್ಲಿರುವುದು ನಾನಲ್ಲ. ಇಪ್ಪತ್ತನೆಯ ತಾರೀಖು ಕೆಲಸ ಶುರು. ಬರುತ್ತೇನೆ ಅನ್ನಬೇಡ. ನೀನು ಬಂದು ನನ್ನ ಎದುರಿಗೆ ಅತ್ತರೆ ನಾನು ನಿನಗೆ ಟೀ ಮಾಡಿಕೊಡಬೇಕಾಗುತ್ತದೆ. ನನಗೆ ಈಗ ಅದಕ್ಕೆ ಮನಸ್ಸಿಲ್ಲ.

ಚಿಕ್ಕಮ್ಮ

ಮಾರ್ಚ್ 17

ಚಿಕ್ಕಮ್ಮ,

ಬರುವುದಿಲ್ಲ. ಮಾಡಿದ್ದನ್ನು ತಿಳಿಸಲು ಮಾತ್ರ ಬರೆಯುತ್ತಿದ್ದೇನೆ.

ನಿನ್ನ ಹನ್ನೊಂದು ಫೋಟೋ, ಅವುಗಳ ತಾರೀಖು, ನಾನು ತಿರಸ್ಕರಿಸಿದ ಸಮಯ, ಒಂದೊಂದಕ್ಕೂ ಎಷ್ಟು ಸೆಕೆಂಡು ತೆಗೆದುಕೊಂಡೆ ಅನ್ನುವುದು, ಎಲ್ಲವನ್ನೂ ಆಫೀಸಿನಲ್ಲೇ ಅಚ್ಚು ಹಾಕಿದೆ. ಜೊತೆಗೆ ಎರಡು ಪುಟದ ಹೇಳಿಕೆ ಬರೆದೆ. "ಈ ದಾಖಲೆಗಳನ್ನು ನಾನು ನೋಡದೆ ತಿರಸ್ಕರಿಸಿದ್ದೇನೆ. ಇವು ನಿಜ. ಈ ಪ್ರದೇಶದಲ್ಲಿ ಈ ಜೀವಿ ಇದೆ." ಕೆಳಗೆ ನಂಬರ್ ಹಾಕಲಿಲ್ಲ, ಹೆಸರು ಬರೆದು ಸಹಿ ಹಾಕಿದೆ. ಒಂದು ಪ್ರತಿ ನಿಮ್ಮ ಮುಖ್ಯ ಎಂಜಿನಿಯರಿಗೆ, ಒಂದು ಸರ್ವೆ ಕಂಪನಿಗೆ, ಒಂದು ವನ್ಯಜೀವಿ ಅಧಿಕಾರಿಗೆ. ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಿದ್ದೇನೆ, ಈಮೇಲ್ ಆದರೆ ಬರಲಿಲ್ಲ ಅನ್ನುತ್ತಾರೆ.

ನಿನ್ನೆ ಕೆಲಸಕ್ಕೆ ಹೋದಾಗ ನನ್ನ ಮೇಜಿನ ಮೇಲೆ ಪರದೆ ಇರಲಿಲ್ಲ. ತಂತಿಗಳು ಮಾತ್ರ ನೇತಾಡುತ್ತಿದ್ದವು. ಮುಖ್ಯಸ್ಥರು "ಒಳಗಿನ ಮಾಹಿತಿಯನ್ನ ಹೊರಗೆ ಕೊಟ್ಟಿದೀಯ. ಇಲ್ಲಿ ಅಚ್ಚು ಹಾಕಿದ್ದೆಲ್ಲ ದಾಖಲಾಗತ್ತೆ, ಗೊತ್ತಿಲ್ವಾ?" ಅಂದರು. "ಒಳಗಿನದ್ದಲ್ಲ ಸರ್, ಕೆರೆಯದ್ದು," ಅಂದೆ. ಬಾಗಿಲವರೆಗೆ ಒಬ್ಬ ಕಾವಲುಗಾರನನ್ನು ಜೊತೆಗೆ ಕಳಿಸಿದರು, ನಾನೇನೋ ಪರದೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತೇನೆ ಅನ್ನುವ ಹಾಗೆ.

ನಿನ್ನ ಗುಂಡಮ್ಮನ ಕಥೆಗೆ ನಕ್ಕಿದ್ದಳಲ್ಲ ಪಕ್ಕದ ಮೇಜಿನವಳು, ಅವಳು ಮೆಟ್ಟಿಲವರೆಗೆ ಓಡಿಬಂದು ನನ್ನ ಕೈ ಹಿಡಿದುಕೊಂಡಳು. "ನಾನು ಹೋದ ವಾರ ಒಂದು ಗೂಬೆಯನ್ನ ಹೀಗೇ ತಳ್ಳಿಹಾಕಿದೆ," ಅಂದಳು. "ಈಗ ಅದು ಎಲ್ಲಿಯದ್ದು ಅಂತ ಹುಡುಕ್ತಾ ಇದೀನಿ."

ಇಪ್ಪತ್ತರ ಒಳಗೆ ಅಂಚೆ ತಲುಪುತ್ತದೋ ಇಲ್ಲವೋ. ಯಾರೂ ಬರದಿದ್ದರೆ ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ.

ಪುಟ್ಟಿ

ಏಪ್ರಿಲ್ 6

ಪುಟ್ಟಿ,

ಏನಾಯಿತು ಅಂತ ತಿಳಿಯುವ ಹಕ್ಕು ನಿನಗಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಇಪ್ಪತ್ತರಂದು ಬೆಳಿಗ್ಗೆಯೇ ಬಂದರು. ಎರಡು ಲಾರಿ ಕಲ್ಲುಮಣ್ಣು, ಒಂದು ಅಗೆಯುವ ಯಂತ್ರ, ಹದಿನಾಲ್ಕು ಜನ. ನಿನ್ನ ಅಂಚೆ ಬಂದಿರಲಿಲ್ಲ. ಪಡುವಣ ತುದಿಯಲ್ಲಿ ಮಣ್ಣು ಸುರಿಯಲು ಶುರು ಮಾಡಿಯೇ ಬಿಟ್ಟರು. ನಾನು ಪಂಪು ಬಿಟ್ಟು ಓಡಿಹೋಗುವ ಹಾಗಿರಲಿಲ್ಲ, ಊರಿಗೆ ನೀರು ಹೋಗುವ ಹೊತ್ತು. ಕಿಟಕಿಯಿಂದ ನೋಡುತ್ತ ನಿಂತಿದ್ದೆ. ಆ ತುದಿಯಲ್ಲಿ ಅವುಗಳದ್ದೇ ಇನ್ನೊಂದು ಬಿಲ ಇತ್ತು. ಒಂದು ಗಂಟೆಯಲ್ಲಿ ಮುಚ್ಚಿಹೋಯಿತು. ಒಳಗೆ ಏನಾದರೂ ಇತ್ತೇ ಅಂತ ನನಗೆ ಗೊತ್ತಿಲ್ಲ. ಈಗಲೂ ಗೊತ್ತಿಲ್ಲ.

ಆಮೇಲೆ ಎಂಜಿನಿಯರ್ ಬಂದರು. ಗೋಡೆಯ ಬುಡ ಹಾಕಲು ಕೆರೆಯ ನೀರನ್ನು ನಾಲ್ಕು ಅಡಿ ಇಳಿಸಬೇಕು. ಅದಕ್ಕೆ ತೂಬು ತೆಗೆಯಬೇಕು. ತೂಬಿನ ಕೀಲಿ ಇರುವುದು ನನ್ನ ಸೊಂಟದಲ್ಲಿ.

"ತೂಬು ತೆಗೀರಮ್ಮ."

"ತೆಗೀತೀನಿ ಸಾರ್. ಲಿಖಿತ ಆದೇಶ ಬೇಕು. ನಿಯಮ ಇದೆ, ಪುಸ್ತಕದಲ್ಲಿ ಅಂಟಿಸ್ಬೇಕು."

ಅವರು ಅಲ್ಲೇ ಒಂದು ಚೀಟಿ ಬರೆದರು. ನಾನು ಓದಿದೆ. "ಇದರಲ್ಲಿ ಇನ್ನೊಂದು ಸಾಲು ಸೇರಿಸಿ ಸಾರ್. ನೀರು ಇಳಿದರೆ ದಂಡೆಯ ಬಿಲಗಳ ಬಾಯಿ ತೆರೆದುಕೊಳ್ತವೆ. ಅಲ್ಲಿ ಯಾವ ಪ್ರಾಣಿಯೂ ಇಲ್ಲ, ನಾನೇ ಖಚಿತಪಡಿಸಿಕೊಂಡಿದ್ದೇನೆ ಅಂತ ಬರೆದು ಸಹಿ ಹಾಕಿ."

ಅವರು ಪೆನ್ನು ಎತ್ತಿದರು, ಇಳಿಸಿದರು. "ಅದು ಸರ್ವೆಯವರ ಜವಾಬ್ದಾರಿ."

"ಹಾಗಾದ್ರೆ ಅವರನ್ನ ಕರೆಸಿ."

ಮಧ್ಯಾಹ್ನಕ್ಕೆ ಬೂಟಿನವನು ಬಂದ. ಅವನ ಎದುರಿಗೂ ಅದೇ ಚೀಟಿ ಇಟ್ಟೆ. ಅವನು ಎರಡು ಸಲ ಓದಿ, "ನಾನು ಆ್ಯಪ್‌ನಲ್ಲಿ ಇರೋದನ್ನ ಬರೆದಿದೀನಿ. ಅಲ್ಲಿ ಇಲ್ಲ ಅಂದ್ರೆ ಇಲ್ಲ," ಅಂದ.

"ಇಲ್ಲ ಅಂತ ಗೊತ್ತಿದ್ರೆ ಸಹಿ ಹಾಕೋಕೆ ಏನಪ್ಪಾ ಕಷ್ಟ? ಮೂರು ಅಕ್ಷರ. ಹಾಕು."

"ಆ್ಯಪ್ ಹೇಳಿದ್ದಕ್ಕೆ ನಾನು ಹೇಗೆ ಸಹಿ ಹಾಕಲಿ?"

ಸುತ್ತ ನಿಂತಿದ್ದ ಕೆಲಸದವರೆಲ್ಲ ಗೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ. ನಾನು ಜೋರಾಗಿಯೇ ಹೇಳಿದೆ, ಸೂಪರ್‌ವೈಸರ್‌ಗೂ ಕೇಳಲಿ ಅಂತ. "ಎಲ್ಲರೂ ಇಲ್ಲ ಅಂತೀರಿ, ಯಾರೂ ಸಹಿ ಹಾಕಲ್ಲ. ಮೆಷಿನ್ ಕಡೆ ತೋರಿಸಿ ಕೈತೊಳ್ಕೋತೀರಿ. ನಾಳೆ ಇಲ್ಲಿ ಸತ್ತ ಮರಿ ಸಿಕ್ಕಿದ್ರೆ ಅದನ್ನ ಯಾವ ಮೆಷಿನ್ನಿನ ಬಾಗಿಲಿಗೆ ತಗೊಂಡು ಹೋಗ್ಲಿ? ನಾನು ಇಪ್ಪತ್ತಾರು ವರ್ಷದಿಂದ ಗಂಟೆಗೊಂದು ಸಲ ನೀರಿನ ಮಟ್ಟ ಬರೆದು ಸಹಿ ಹಾಕ್ತಿದೀನಿ. ಒಂದು ದಿನ ತಪ್ಪು ಬರೆದಿದ್ರೂ ನನ್ನನ್ನ ಮನೆಗೆ ಕಳಿಸ್ತಿದ್ರಿ. ನಿಮಗೆ ಮಾತ್ರ ಸಹಿ ಬೇಡ್ವಾ?"

ಸೂಪರ್‌ವೈಸರ್ ಕೀಲಿ ಕೊಡು ಅಂದ. ಕೀಲಿ ಕಸಿದುಕೊಳ್ಳಬೇಕಾದರೂ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು ಅಂದೆ. ಅವನೂ ಹಿಂದೆ ಸರಿದ. ಕೆಲಸದವರು ಮೂರು ದಿನ ಯಂತ್ರದ ನೆರಳಲ್ಲಿ ಕೂತರು. ಪಾಪ, ಅವರ ತಪ್ಪೇನೂ ಇರಲಿಲ್ಲ. ಅವರಿಗೆ ಟೀ ಮಾಡಿಕೊಟ್ಟೆ.

ನಾಲ್ಕನೆಯ ದಿನ ವನ್ಯಜೀವಿ ಅಧಿಕಾರಿ ಬಂದರು. ಹೆಣ್ಣುಮಗಳು, ನಿನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಕೈಯಲ್ಲಿ ನಿನ್ನ ಹೇಳಿಕೆ. ಯಾರ ಹತ್ತಿರವೂ ಮಾತಾಡದೆ ಚಪ್ಪಲಿ ಬಿಟ್ಟು ನೇರವಾಗಿ ಕೆಸರಿಗೆ ಇಳಿದರು. ಮೆಟ್ಟಿಲ ಬದಿಯಲ್ಲಿ ಮಂಡಿಯೂರಿ, ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ, ಮೂಸಿ ನೋಡಿದರು. ಎದ್ದು ನಿಂತು ಎಂಜಿನಿಯರ್‌ಗೆ "ಇಲ್ಲಿಂದ ಯಂತ್ರ ತೆಗೆಸಿ," ಅಂದರು. ಅಷ್ಟೆ. ಮೆಟ್ಟಿಲ ಎರಡೂ ಕಡೆ ಸೇರಿ ಅರವತ್ತು ಮೀಟರ್ ದಂಡೆಯನ್ನು ಮುಟ್ಟುವ ಹಾಗಿಲ್ಲ ಅಂತ ಆದೇಶ ಬರೆದು ಸಹಿ ಹಾಕಿದರು. ಅದನ್ನು ನಾನು ಪುಸ್ತಕದಲ್ಲಿ ಅಂಟಿಸಿದೆ.

ಪಡುವಣ ತುದಿಯನ್ನು ಅವರು ತಮ್ಮ ಎದುರೇ ಅಗೆಸಿದರು. ಬಿಲ ಕುಸಿದಿತ್ತು. ಒಳಗೆ ಮಣ್ಣು, ಮೀನಿನ ಮೂಳೆ. ಬೇರೇನೂ ಸಿಗಲಿಲ್ಲ. ಸಿಗದಿದ್ದದ್ದು ಒಳ್ಳೆಯದೋ ಕೆಟ್ಟದ್ದೋ ಅವರಿಗೂ ಹೇಳಲಾಗಲಿಲ್ಲ.

ಅವತ್ತಿನಿಂದ ಇವತ್ತಿಗೆ ಹದಿನಾಲ್ಕು ದಿನ. ದಂಡೆಯಲ್ಲಿ ಒಂದೂ ಕಂಡಿಲ್ಲ.

ನಿನ್ನ ಹೇಳಿಕೆಯನ್ನು ಅಧಿಕಾರಿ ನನಗೆ ಓದಲು ಕೊಟ್ಟರು. ಚೆನ್ನಾಗಿ ಬರೆದಿದ್ದೀಯ. ಸ್ವಲ್ಪವೂ ಸಿಹಿ ಮಾಡಿಲ್ಲ. ಆದರೂ ನನ್ನ ಕೋಪ ಹೋಗಿಲ್ಲ, ಹೋಗಿದೆ ಅಂದುಕೊಳ್ಳಬೇಡ. ಊಟಕ್ಕೆ ಏನು ಮಾಡುತ್ತಿದ್ದೀಯ? ಕೆಲಸ ಸಿಕ್ಕಿತೇ?

ಚಿಕ್ಕಮ್ಮ

ಏಪ್ರಿಲ್ 14

ಚಿಕ್ಕಮ್ಮ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ಒಂದೂ ಕಂಡಿಲ್ಲ" ಅನ್ನುವ ಸಾಲಿಗೆ ಬಂದು ಪ್ರತಿಸಲ ನಿಲ್ಲುತ್ತೇನೆ.

ಕೆಲಸ ಸಿಕ್ಕಿಲ್ಲ. ಒಂದೆರಡು ಕಡೆ ಕೇಳಿದೆ. ಹಳೆಯ ಕಡೆಯಿಂದ ಅವರಿಗೆ ಮೊದಲೇ ಫೋನ್ ಹೋಗಿರುತ್ತದೆ. ಊಟಕ್ಕೆ ತೊಂದರೆಯಿಲ್ಲ, ಪಕ್ಕದ ಮೇಜಿನವಳು ದಿನವೂ ಏನಾದರೂ ತರುತ್ತಾಳೆ. ಅವಳೂ ರಾಜೀನಾಮೆ ಬರೆದಿಟ್ಟುಕೊಂಡಿದ್ದಾಳೆ, ಇನ್ನೂ ಕೊಟ್ಟಿಲ್ಲ. ಗೂಬೆ ಸಿಕ್ಕಿತಂತೆ.

ನನ್ನ ಎರಡು ವರ್ಷದಲ್ಲಿ ದಿನಕ್ಕೆ ಸಾವಿರ ಅಂದರೆ ಎಷ್ಟಾಯಿತು ಚಿಕ್ಕಮ್ಮ? ಅದರಲ್ಲಿ ಕೆಂಪು ಗುರುತಿನವು ಎಷ್ಟಿದ್ದವು? ಒಂದೊಂದರ ಹಿಂದೆಯೂ ಯಾರೋ ಗೋಣಿಚೀಲದ ಮೇಲೆ ಚಳಿಯಲ್ಲಿ ಕೂತಿದ್ದಿರಬೇಕು. ಅವರ್‍ಯಾರಿಗೂ ಕಂಪನಿಯ ಕೋಣೆಯಲ್ಲಿ ಅಕ್ಕನ ಮಗಳು ಇರಲಿಲ್ಲ.

ಪುಟ್ಟಿ

ಮೇ 3

ಪುಟ್ಟಿಗೆ,

ನಿನ್ನೆ ನನ್ನ ಫೋನಿಗೆ ನಿಮ್ಮ ಕಂಪನಿಯಿಂದ ಒಂದು ಸಂದೇಶ ಬಂತು. ಹೂವು, ಪಟಾಕಿ, ಬಣ್ಣದ ಕಾಗದದ ಚಿತ್ರಗಳ ನಡುವೆ "ಅಭಿನಂದನೆಗಳು ಪಂಪುಮನೆ! ಈ ಪ್ರದೇಶದಲ್ಲಿ ನೀರುನಾಯಿಯನ್ನು ಮೊದಲ ಬಾರಿಗೆ ಪತ್ತೆ ಮಾಡಿದ್ದೀರಿ. ನಿಮಗೆ ಅನ್ವೇಷಕಿ ಪದಕ!" ಅಂತ. ಅಧಿಕಾರಿಯ ಆದೇಶ ಬಂದ ಮೇಲೆ ಬೇರೆ ದಾರಿಯಿಲ್ಲದೆ ನಕ್ಷೆಗೆ ಬಣ್ಣ ಹಚ್ಚಿದ್ದಾರೆ. ತಿರಸ್ಕರಿಸಿದ್ದರ ಮಾತೇ ಇಲ್ಲ. ಆ ಪದ ಅಲ್ಲಿಂದ ಮಾಯವಾಗಿದೆ.

ಮೊದಲ ಬಾರಿಗೆ! ಹಾಗಾದರೆ ಇದುವರೆಗೆ ಅಲ್ಲಿದ್ದ ತಾಯಂದಿರು ಯಾರು? ನಿನ್ನ ಎಂಟನೆಯ ವಯಸ್ಸಿನಲ್ಲಿ ನಿನ್ನ ಶಿಳ್ಳೆಗೆ ಉತ್ತರ ಕೊಟ್ಟದ್ದು ಯಾರು? ನಾನು ಈ ಕೆಲಸಕ್ಕೆ ಸೇರಿದ ದಿನ ನನಗೆ ಪಂಪು ಕಲಿಸಿದ ಮುದುಕ "ಅವು ಇದ್ದಾವೆ, ಬಲೆ ಹಾಕೋರನ್ನ ಹತ್ರ ಬಿಡ್ಬೇಡ" ಅಂದಿದ್ದ. ಅವನಿಗೆ ಪದಕ ಯಾರು ಕೊಡುತ್ತಾರೆ? ಪದಕವನ್ನು ಅಳಿಸಿ ಅಂತ ಬರೆದು ಕಳಿಸಿದೆ. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು" ಅಂತ ಅರ್ಧ ನಿಮಿಷದಲ್ಲಿ ಉತ್ತರ ಬಂತು. ಓದಿದವರು ಯಾರೂ ಇರಲಾರರು. ಆ್ಯಪನ್ನು ಮಾತ್ರ ತೆಗೆದು ಹಾಕಿಲ್ಲ. ಹಕ್ಕಿಗಳ ವಿಷಯದಲ್ಲಿ ಅದು ನನಗೆ ಮೋಸ ಮಾಡಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಮೊನ್ನೆ ಬೆಳಿಗ್ಗೆ ಆಚೆ ದಡದ ಜೊಂಡಿನಲ್ಲಿ ಒಂದು ಕಂಡಿತು. ಒಂದೇ. ತಾಯಿಯೋ ಬೆಳೆದ ಮರಿಯೋ ದೂರದಿಂದ ತಿಳಿಯಲಿಲ್ಲ. ಪುಸ್ತಕದಲ್ಲಿ ಹಾಗೆಯೇ ಬರೆದೆ, "ಒಂದು. ಯಾವುದೆಂದು ಗೊತ್ತಾಗಲಿಲ್ಲ." ಸಹಿ ಹಾಕಿದೆ. ಅಧಿಕಾರಿಗೆ ತೋರಿಸಿದಾಗ ಅವರು ಆ ಸಾಲನ್ನು ತಮ್ಮ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡರು.

ಉಳಿದ ದಂಡೆಯ ಗೋಡೆಯ ಬಗ್ಗೆ ತೀರ್ಮಾನಿಸುವ ಮೊದಲು ಆರು ತಿಂಗಳು ದಿನವೂ ಬೆಳಿಗ್ಗೆ ಸಂಜೆ ಕೆರೆಯ ಸುತ್ತ ನಡೆದು ನೋಡಿ ಬರೆಯುವವರು ಬೇಕಂತೆ. ಫೋನಿನಲ್ಲಲ್ಲ, ಕಣ್ಣಿನಿಂದ. ತಾತ್ಕಾಲಿಕ ಕೆಲಸ. ಕೊಡುವುದೂ ಕಡಿಮೆ. "ನಿಮಗೆ ಯಾರಾದ್ರೂ ಗೊತ್ತಾ?" ಅಂತ ನನ್ನನ್ನು ಕೇಳಿದರು. ನನ್ನ ಮೊಣಕಾಲು ನೋಡಿಯೇ ನನ್ನನ್ನು ಕರೆಯಲಿಲ್ಲ ಅನ್ನಿಸುತ್ತದೆ.

"ಗೊತ್ತು," ಅಂದೆ. "ಒಂದು ಸಲ ನೋಡದೇ ಬಿಟ್ಟವಳು. ಇನ್ನೊಂದು ಸಲ ಬಿಡಲ್ಲ."

ಅವರಿಗೆ ಯಾರೆಂದು ತಕ್ಷಣ ಅರ್ಥವಾಯಿತು. ಹದಿನೈದನೆಯ ತಾರೀಖಿನಿಂದ ಶುರು. ಕೆಸರಿಗೆ ಆಗುವ ಚಪ್ಪಲಿ ತೆಗೆದುಕೊಂಡು ಬಾ. ಒಳಕೋಣೆಯ ಮಂಚದ ಮೇಲಿದ್ದ ಹಳೆಯ ಪೈಪುಗಳನ್ನೆಲ್ಲ ಹೊರಗೆ ಹಾಕಿಸಿದ್ದೇನೆ.

ನಾನು ಕ್ಷಮಿಸಿದ್ದೇನೆ ಅಂದುಕೊಂಡು ಬರಬೇಡ. ಕೆಲಸ ಇದೆ ಅಂತ ಬಾ.

ನಿನ್ನ
ಚಿಕ್ಕಮ್ಮ